ಓರ್ಲಿನ್‌ನ ಸಣ್ಣ ಕೊಕ್ಕೆ

ಸ್ಟೋನಿ ಎಲ್ಬೋ ಸರೋವರದ ದಡದಲ್ಲಿ ಗಾಳದಂಗಡಿ ಇಟ್ಟುಕೊಂಡಿದ್ದ ಓರ್ಲಿನ್ ಟ್ವೇಟೆನ್ ಮಾತಿನಲ್ಲಿ ಮಹಾ ಜಿಪುಣ. ಹೆಂಡತಿ ಸತ್ತಾಗಲೂ ಬಂದವರಿಗೆಲ್ಲ "ಹೂಂ, ಹೋದಳು" ಎಂದಷ್ಟೇ ಹೇಳಿದವನು. ಆದರೆ ವಾಲ್‌ಐ ಮೀನಿಗೆ ಯಾವ ಕೊಕ್ಕೆ ಹಾಕಬೇಕೆಂದು ಯಾರಾದರೂ ಅಪ್ಪಿತಪ್ಪಿ ಕೇಳಿದರೋ, ಮುಗಿಯಿತು ಅವರ ಕತೆ.

"ದೊಡ್ಡ ಕೊಕ್ಕೆ ಹಾಕಿದ್ರೆ ಮೂಸೂ ನೋಡಲ್ಲ ಮಾರಾಯ. ಅನುಮಾನದ ಪ್ರಾಣಿ ಅದು. ಸಣ್ಣದು ಹಾಕು. ಎರೆಗೆ ಜಿಗಣೆ; ಅದು ಅಂಟ್ಕೊಳ್ಳೋ ತುದೀಲಿ ಚುಚ್ಚು, ಜೀವಂತ ಈಜ್ತಾ ಇರ್ಬೇಕು. ಕಚ್ಚಿತು ಅಂತ ಎಳ್ದುಬಿಡಬೇಡ. ದಾರ ಬಿಡು, ಬಿಡ್ತಾನೇ ಇರು. ನುಂಗ್ಲಿ. ಅವಸರ ಪಟ್ಟೋನಿಗೆ ಬರಿಗೈ."

ಸರೋವರ ಹೆಪ್ಪುಗಟ್ಟಿದ ತಿಂಗಳುಗಳಲ್ಲೆಲ್ಲ ಅಡುಗೆಮನೆಯ ಮೇಜಿನ ಮುಂದೆ ಕೂತು ಗಾಳ ಕಟ್ಟುವುದೇ ಅವನ ಕೆಲಸ. ಜಾರುವ ಸೀಸದ ಗುಂಡು, ಅದರ ಕೆಳಗೆ ಮಾರುದ್ದದ ನೈಲಾನ್ ದಾರ, ತುದಿಗೆ ಸಣ್ಣ ಕೊಕ್ಕೆ. ಕೊಕ್ಕೆಯ ಮೇಲೆ ಎರಡು ಹಸಿರು ಮಣಿ, ನಡುವೆ ಒಂದು ಹಳದಿ, ಜಾರದ ಹಾಗೆ ಗಂಟು. ಆ ಮೂರು ಮಣಿ ಕಂಡರೆ ಸಾಕು, ಓರ್ಲಿನ್‌ದು ಎಂದು ಊರಿಗೆ ಊರೇ ಹೇಳುತ್ತಿತ್ತು.

ಹಿಂದೆ ಹಿಡಿದ ಮೀನೆಲ್ಲ ಬಾಣಲೆಗೇ ಹೋಗುತ್ತಿತ್ತು. ಕೊಕ್ಕೆ ತುಟಿಯಲ್ಲಿದ್ದರೇನು, ಹೊಟ್ಟೆಯಲ್ಲಿದ್ದರೇನು. ಆಮೇಲೆ ಕಾನೂನು ಬಂತು. ಮೊಟ್ಟೆಯಿಡುವ ನಡುಗಾತ್ರದ ಮೀನನ್ನು ನೀರಿಗೇ ಬಿಡಬೇಕು. ಬಿಟ್ಟರು. ಕೊಕ್ಕೆ ನುಂಗಿದ್ದರೆ ದಾರ ಕತ್ತರಿಸಿ ಬಿಟ್ಟರು. "ತುಕ್ಕು ಹಿಡಿದು ತಾನಾಗೇ ಉದುರಿಹೋಗುತ್ತೆ" ಎಂದು ಅವರಿಗೆ ಹೇಳಿಕೊಟ್ಟವನೂ ಓರ್ಲಿನ್ನೇ.

ಬೇಡ ಎಂದವಳು ಬರ್ನಿಸ್ ಕಿಂಗ್‌ಬರ್ಡ್ ಒಬ್ಬಳೇ. ಆ ನೆಲದ ಮೂಲನಿವಾಸಿಗಳಾದ ಓಜಿಬ್ವೆ ಜನರ ಹೆಂಗಸು, ಶಾಲೆಯಲ್ಲಿ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಜವುಗಿನಲ್ಲಿ ಜಿಗಣೆ ಹಿಡಿದು ಅವನ ಅಂಗಡಿಗೆ ತಂದುಹಾಕುತ್ತಿದ್ದವಳೂ ಅವಳೇ. "ತುಟಿ ಅಂಚಿಗೆ ಕೂರುತ್ತಲ್ಲ, ಆ ಬಾಗಿದ ಕೊಕ್ಕೆ ತರಿಸೋ. ಇದು ಕರುಳಿಗೇ ಇಳಿಯುತ್ತೆ" ಎಂದಿದ್ದಳು. ಓರ್ಲಿನ್ ನಕ್ಕುಬಿಟ್ಟಿದ್ದ. "ನೀನು ಜಿಗಣೆ ನೋಡ್ಕೋ ತಾಯಿ, ಕೊಕ್ಕೆ ನನಗೆ ಬಿಡು."

ಆ ವರ್ಷ ಬೇಸಿಗೆ ಶುರುವಾಗುತ್ತಲೇ ಕೊಲ್ಲಿಯಲ್ಲಿ ಸತ್ತ ವಾಲ್‌ಐಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ಮಾರ್ಲಿಸಳ ಹೋಟೆಲಿನ ಬೆಳಗಿನ ಕಾಫಿ ಮೇಜಿನಲ್ಲಿ ಅದೇ ಮಾತು. ದೋಣಿ ರಿಪೇರಿಯ ಡ್ವೇನ್ ಓರ್ಲಿನ್ ಕಡೆ ತಿರುಗಿದ. "ನೀನ್ ಹೇಳಪ್ಪಾ, ಯಾಕೆ ಸಾಯ್ತಾ ಇವೆ?"

ಓರ್ಲಿನ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತಲ್ಲ! ಮೇಜಿಗೆ ಮೇಜೇ ತನ್ನ ಬಾಯಿ ನೋಡುತ್ತಿರುವಾಗ ಹಾಗೆನ್ನುವುದು ಹೇಗೆ?

"ಬಲೆ" ಎಂದ.

ಒಂದೇ ಒಂದು ಮಾತು. ಮಂಜು ಕರಗಿದೊಡನೆ ಆ ಸರೋವರದಲ್ಲಿ ಬಲೆ ಹಾಕುವವರು ಬರ್ನಿಸಳ ಮನೆಯವರು. ಅವರ ಹಿರಿಯರು ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದ ಹಕ್ಕು ಅದು, ಊರಿನ ಬಿಳಿಯರ ಹೊಟ್ಟೆಯುರಿ ಹಳೆಯದು. ವಾರ ಕಳೆಯುವುದರೊಳಗೆ ಅವಳ ತಮ್ಮನ ದೋಣಿಗೆ ಯಾರೋ ತೂತು ಕೊರೆದರು. ದೋಣಿ ಇಳಿಸುವ ಜಾಗದಲ್ಲಿ ಅವಳ ಮುಖಕ್ಕೇ ಉಗುಳಿದರು.

ಓರ್ಲಿನ್‌ಗೆ ನಿಜ ಗೊತ್ತಾದದ್ದು ಆಮೇಲೆ. ತನ್ನ ದಡಕ್ಕೆ ಬಂದು ಬಿದ್ದಿದ್ದ ಮೀನನ್ನು ಎಸೆಯಲೆಂದು ದವಡೆ ಹಿಡಿದು ಎತ್ತಿದ. ಗಂಟಲಲ್ಲಿ ಹಸಿರು, ಹಳದಿ, ಹಸಿರು. ಇನ್ನೊಂದನ್ನು ಎತ್ತಿದ, ಅದರಲ್ಲೂ ಅದೇ. ನಾಚಿಕೆಯಿಂದ ಅವನ ಕಿವಿ ಕಾದುಹೋಯಿತು. ಆಗಲೇ ಹೋಟೆಲಿಗೆ ಓಡಬೇಕಿತ್ತು, ಪುಣ್ಯಾತ್ಮ. ಓಡಿದ್ದು ಗುದ್ದಲಿ ತರಲು. ಅಂದಿನಿಂದ ದಿನವೂ ಬೆಳಕು ಹರಿಯುವ ಮುಂಚೆ ಮೀನು ಆರಿಸಿ ಹಿತ್ತಲಲ್ಲಿ ಹೂಳತೊಡಗಿದ.

ಜಿಗಣೆ ತಂದ ಬರ್ನಿಸ್ ಬಕೆಟ್ ಇಳಿಸಿ ಕೇಳಿದಳು: "ಚಿಕ್ಕಂದಿನಿಂದ ನೀನು ನನ್ನ ಬಲ್ಲೆ. ನಿನ್ನ ಮಾತು ಅವರು ಕೇಳ್ತಾರೆ. ಬಲೆ ಅಲ್ಲ ಅಂತ ಒಂದು ಮಾತು ಹೇಳೋ."

"ನೋಡೋಣ" ಎಂದ ಓರ್ಲಿನ್. ಅವಳ ಮುಖ ನೋಡಲಾಗದೆ ಜಿಗಣೆಯ ಬಕೆಟ್ಟನ್ನೇ ನೋಡುತ್ತ ನಿಂತ.

ಮರುದಿನ ಮುಂಜಾನೆ ದಡಕ್ಕೆ ಇಳಿದರೆ, ಜೊಂಡಿನ ನಡುವೆ ಒಂದು ದೋಣಿ. ಅದರಲ್ಲಿ ಬರ್ನಿಸ್! ಓರ್ಲಿನ್ ಸರಕ್ಕನೆ ದೋಣಿಮನೆಯ ಮರೆಗೆ ಸರಿದ. ಅವಳು ತೇಲುವ ಮೀನುಗಳನ್ನು ಒಂದೊಂದಾಗಿ ಎತ್ತುತ್ತಿದ್ದಳು. ಬಾಯಿ ಬಿಡಿಸಿ ನೋಡಿ, ಮಣಿಯಿದ್ದರೆ ಕತ್ತರಿಸಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

"ಬಾರೋ ಈಚೆ" ಎಂದಳು, ತಲೆಯೆತ್ತದೆ. "ನೀನು ಬಚ್ಚಿಟ್ಕೊಂಡ್ರೂ ನಿನ್ನ ಹೊಟ್ಟೆ ಆಚೆ ಕಾಣ್ತಾ ಇದೆ."

ಓರ್ಲಿನ್ ಬಂದ. "ಯಾವಾಗಿಂದ ಗೊತ್ತು ನಿಂಗೆ?"

"ಮೊದಲನೇ ಮೀನಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಾರೆ? ನೀನೇ ಹೇಳ್ತೀಯ ಅಂತ ಕಾದೆ. ಅಲ್ಲೀವರೆಗೂ ಬೇರೆಯವರ ಕಣ್ಣಿಗೆ ಬಿದ್ದು ನಿನ್ನ ಮರ್ಯಾದೆ ಹೋಗೋದು ಬೇಡ ಅಂತ ಎತ್ತಿಟ್ಟೆ." ಆಮೇಲೆ ಸ್ವಲ್ಪ ನಕ್ಕಳು. "ನಿನ್ನ ಅಂಗಡಿ ಮುಚ್ಚಿದ್ರೆ ನನ್ನ ಜಿಗಣೆ ಯಾರಿಗೆ ಮಾರಲೋ?"

ತಾನು ಇವಳ ಮಾನ ಬೀದಿಗೆ ಹಾಕಿದ್ದಾಗ ಇವಳು ತನ್ನ ಮಾನ ಕಾಯುತ್ತಿದ್ದಳು. ಓರ್ಲಿನ್‌ಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಣಿ ಇನ್ನೂ ಗಂಟಲಲ್ಲೇ ಇದ್ದ ಎರಡು ಮೀನು ಕೈಯಲ್ಲಿ ಹಿಡಿದು, "ನಡಿ, ಈಗಲೇ ಹೇಳ್ತೀನಿ" ಎಂದ.

ಅವಳ ಟ್ರಕ್ಕಿನಲ್ಲೇ ಹೋದರು. ಅವಳು ಒಳಗೆ ಬರಲೊಲ್ಲೆ ಎಂದು ಹೋಟೆಲಿನ ಹೊರಗೇ ಕೂತಳು.

ಓರ್ಲಿನ್ ಕಾಫಿ ಮೇಜಿನ ಮೇಲೆ ಮೀನು ಇಟ್ಟು ಬಾಯಿ ಬಿಡಿಸಿ ತೋರಿಸಿದ. "ನನ್ನ ಕೊಕ್ಕೆ ಕಣ್ರೋ ಇದು. ಬಲೆ ಅಲ್ಲ. ಗೊತ್ತಿಲ್ದೆ ಬಾಯಿಗೆ ಬಂದದ್ದು ಅಂದೆ, ಗೊತ್ತಾದ ಮೇಲೆ ಹೂತು ಮುಚ್ಚಿಟ್ಟೆ."

ಡ್ವೇನ್ ಮೀನನ್ನೂ ನೋಡಿದ, ಕಿಟಕಿಯಾಚೆಗಿನ ಟ್ರಕ್ಕನ್ನೂ ನೋಡಿದ. ನಿಧಾನಕ್ಕೆ ಎದ್ದು ಓರ್ಲಿನ್‌ನ ಹೆಗಲ ಮೇಲೆ ಕೈಯಿಟ್ಟ. "ಎರಡು ಮೀನು ಎಲ್ಲಿಂದಾದ್ರೂ ಸಿಗುತ್ತೆ ಬಿಡು. ಆ ಹೆಂಗಸಿಗೋಸ್ಕರ ತಪ್ಪು ನಿನ್ನ ತಲೆ ಮೇಲೆ ಹಾಕ್ಕೋತಾ ಇದ್ದೀಯಲ್ಲ, ದೊಡ್ಡ ಮನಸ್ಸಪ್ಪಾ ನಿಂದು."

"ನಾನು ಸುಳ್ಳು ಹೇಳಿದೆ ಕಣೋ!"

"ಆಯ್ತು, ಆಯ್ತು. ಕೂತ್ಕೋ" ಎಂದರು ಎಲ್ಲರೂ. ಮಾರ್ಲಿಸ್ ಕಣ್ಣೊರೆಸಿಕೊಂಡು ಅವನ ಮುಂದೆ ಬಿಸಿ ಕಾಫಿ ಇಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಫಿ ಮುಟ್ಟದೆ ಓರ್ಲಿನ್ ಹೊರಗೆ ಬಂದ. ಬರ್ನಿಸ್ ಟ್ರಕ್ಕಿನ ಗಾಜು ಇಳಿಸಿದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

ಓರ್ಲಿನ್ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟವನು ಅದನ್ನು ತೆರೆಯಲಿಲ್ಲ.

"ನಾನು ಒಳ್ಳೆಯವನು ಅಂದ್ರು" ಎಂದ.