ಬೋರಕ್ಕನ ಬೇಸಿಗೆ ಗೋಣಿ

ಬೋರಕ್ಕ ನಗುತ್ತಿದ್ದುದು ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಬದನೆಕಾಯಿ, ಗೋರಿಕಾಯಿ, ಸೊಪ್ಪು ರಾಶಿ ಬಿದ್ದು ಚಳ್ಳಕೆರೆ ಸಂತೆಯಲ್ಲಿ ಕಾಲಿಡಲು ಜಾಗವಿಲ್ಲದಾಗ ಅವಳ ಮುಖ ಗಂಟಿಕ್ಕಿಕೊಂಡಿರುತ್ತಿತ್ತು. ತೋಟಗಳೆಲ್ಲ ಒಣಗಿ, ಸಂತೆಗೆ ಬರುವವರೇ ಕಡಿಮೆಯಾದ ಮೇಲೆ, ಬೇವಿನ ಮರದಡಿ ಗೋಣಿ ಹಾಸಿ, ಅದರ ಮೇಲೆ ಒಂದು ಹಿಡಿ ಹುಣಸೆಹಣ್ಣಿಟ್ಟುಕೊಂಡು, ಖಾಲಿ ಸಾಲುಗಳನ್ನು ನೋಡಿ ನಗುತ್ತಾ ಕೂರುತ್ತಿದ್ದಳು. ಯಾರು ಬಂದಿಲ್ಲ ಎಂದು ಲೆಕ್ಕ ಹಾಕುವುದರಲ್ಲಿ ಅವಳಿಗೆ ಅಷ್ಟು ಸುಖವಿತ್ತು.

ನಮ್ಮ ಸಂತೆಯಲ್ಲಿ ಜಾಗಕ್ಕೆ ಗೋಣಿಯೇ ಪಹಣಿ. ಒಡತಿ ಕೂತಿದ್ದರೆ ಸರಿ. ಇಲ್ಲದಿದ್ದರೆ ಗೋಣಿಯ ಮೇಲೆ ಹಿಡಿಯಷ್ಟಾದರೂ ಸರಕಿರಬೇಕು. ಆಗ ಅದನ್ನು ಯಾರೂ ಮುಟ್ಟುವುದಿಲ್ಲ. ಬರೀ ಗೋಣಿಗೆ ಮರ್ಯಾದೆಯಿಲ್ಲ, ಮಡಿಸಿ ಪಕ್ಕಕ್ಕಿಟ್ಟು ಯಾರು ಬೇಕಾದರೂ ಕೂರಬಹುದು. ಕೂತವರದ್ದೇ ಆಮೇಲೆ ಜಾಗ. ಹಾಗಾಗಿ ಬೇಸಿಗೆಯಲ್ಲಿ ಕೂಲಿಗೆ ಹೋಗುವವರು ಯಾರ ಕೈಯಲ್ಲಾದರೂ ಗೋಣಿ, ಹಿಡಿ ಸರಕು ಕಳಿಸುತ್ತಿದ್ದರು. ಬೋರಕ್ಕ ಮಾತ್ರ ಎಂಥ ಉರಿಬಿಸಿಲಿಗೂ ತಾನೇ ಬರುತ್ತಿದ್ದಳು.

ಅವಳು ಹುಟ್ಟಿದ್ದು ಮೊಳಕಾಲ್ಮೂರಿನ ಕಡೆ, ಮದುವೆಯಾಗಿ ಸೇರಿದ್ದು ಹತ್ತಿರದ ನನ್ನಿವಾಳಕ್ಕೆ. ಬೈಯುವಾಗ ತೆಲುಗು ತಾನಾಗಿ ಬರುತ್ತಿತ್ತು. ನನ್ನ ಗಂಡ ಹಾಸಿಗೆ ಹಿಡಿದ ವರ್ಷ ನಾನು ಸಂತೆ ವ್ಯಾಪಾರಕ್ಕಿಳಿದಾಗ, ಅವಳು ಕಲಿಸಿದ ಮೊದಲ ಪಾಠ ಬೇಸಿಗೆಯದು. "ಏಮೇ ಲಕ್ಷ್ಮಿ, ಮಳೆ ಬಿದ್ಮ್ಯಾಲೆ ಓಡಾಡೋಳು ಗಿರಾಕಿ. ಬ್ಯಾಸಿಗ್ಯಾಗೆ ಓಡಾಡೋಳು ಯಾಪಾರಗಾತಿ" ಎಂದಿದ್ದಳು. ದಬ್ಬಳ ಹಿಡಿದು ಹರಿದ ಗೋಣಿಗಳನ್ನು ಹೊಲಿಯುವುದು, ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಹಾಕಿ ಗಡಿಗೆಗೆ ತುಂಬುವುದು, ತಕ್ಕಡಿಗೆ ಸರ್ಕಾರಿ ಮುದ್ರೆ ಹಾಕಿಸುವುದು, ಎಲ್ಲ ಬೇಸಿಗೆಯಲ್ಲೇ. ಸಂಜೆ ತೋಟಗಳಿಗೆ ಹೋಗಿ ಸಸಿಮಡಿ ನೋಡುತ್ತಿದ್ದಳು. "ನಿನ್ನ ಸಸಿ ನಿನ್ನ ಮಕ್ಳಂಗೇ ಐತೆ, ನೀರು ಕಂಡಿಲ್ಲ. ಆದ್ರೂ ಮೊದಲ್ನೇ ಬುಟ್ಟಿ ನಂದು" ಎಂದು ಒಬ್ಬ ರೈತನ ಮುಖಕ್ಕೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವನು ನುಂಗಿಕೊಂಡ. ಕಾಯಿ ಕೊಳ್ಳುವವರಿಲ್ಲದೆ ರಸ್ತೆಗೆ ಸುರಿಯುವ ದಿನವೂ ಬೋರಕ್ಕ ಬಂದು ಕೊಳ್ಳುತ್ತಾಳೆಂದು ಅವನಿಗೆ ಗೊತ್ತಿತ್ತು.

ಬೇವಿನ ನೆರಳಿನಲ್ಲಿ ಇದ್ದದ್ದು ಎರಡೇ ಜಾಗ. ಒಂದು ಬೋರಕ್ಕನದು, ಇನ್ನೊಂದು ಮಲ್ಲಮ್ಮನದು. ಒಂದು ಬೇಸಿಗೆಯಲ್ಲಿ ಮಲ್ಲಮ್ಮನ ಗಂಡ ಸತ್ತ. ಸೂತಕದಲ್ಲಿ ಅವಳು ಬರುವಂತಿರಲಿಲ್ಲ; ನಾದಿನಿಯ ಕೈಲಿ ಗೋಣಿ, ನಾಲ್ಕು ಗುಡ್ಡೆ ಈರುಳ್ಳಿ ಕಳಿಸಿದಳು. ಬೋರಕ್ಕ ಎದ್ದುಹೋಗಿ ಈರುಳ್ಳಿಯ ರೇಟು ಕೇಳಿದಳು. ನಾದಿನಿ ಹೇಳಿದಳು. ಬೋರಕ್ಕ ಅಷ್ಟನ್ನೂ ಕೊಂಡು ಸೆರಗಿಗೆ ಹಾಕಿಕೊಂಡಳು. ಆಮೇಲೆ ಬರಿದಾದ ಗೋಣಿಯನ್ನು ಧೂಳು ಕೊಡವಿ, ನೀಟಾಗಿ ಮಡಿಸಿ, ಆ ಹುಡುಗಿಯ ಕೈಗಿಟ್ಟಳು.

"ಸೂತಕದ ಮನೆ ಬೋರಕ್ಕಾ," ಎಂದೆ.

"ಸತ್ತೋನು ಬಂದು ಈರುಳ್ಳಿ ಮಾರ್ತಾನೇನು? ಕುಂತ್ಕ ಅಲ್ಲಿ. ಖಾಲಿ ಬಿಟ್ರೆ ಇನ್ಯಾರೋ ಬರ್ತಾರೆ."

ನಾನು ಕೂತೆ. ನನ್ನ ಮನೆಯ ಒಲೆ ಉರಿದದ್ದು ಆ ನೆರಳಿನಿಂದಲೇ. ಸೂತಕ ಕಳೆದ ಮೇಲೆ ಮಲ್ಲಮ್ಮ ಬಂದು ನೋಡಿದಳು. ಚರಂಡಿಯ ಪಕ್ಕ, ಬಿಸಿಲಿನಲ್ಲಿ ಗೋಣಿ ಹಾಸಿದಳು. ಅವಳ ಸೊಪ್ಪು ಮಧ್ಯಾಹ್ನದೊಳಗೆ ಬಾಡುತ್ತಿತ್ತು. "ನೀರು ಚುಮುಕ್ಸೆ, ನಿನ್ನಂಗೇ ಆಗೈತೆ ಸೊಪ್ಪು" ಎಂದು ಬೋರಕ್ಕ ಇಲ್ಲಿಂದಲೇ ಕೂಗುತ್ತಿದ್ದಳು. ವರ್ಷಗಟ್ಟಲೆ ಕೂಗಿದಳು. ನನಗೆ ಬೋರಕ್ಕನೆಂದರೆ ಪ್ರಾಣ. ಆದರೂ ಆ ಮಾತು ಬಂದಾಗಲೆಲ್ಲ ನಾನು ಚರಂಡಿಯ ಕಡೆ ನೋಡದೆ ತಕ್ಕಡಿ ಒರೆಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಬೋರಕ್ಕ ಹುಣಸೆ ಬಡಿಯಲು ಹೋಗಿ ಬಿದ್ದು ಸೊಂಟ ಮುರಿದುಕೊಂಡಳು. ಮಲಗಿದಲ್ಲೇ ಬೀಜ ಬಿಡಿಸುತ್ತಿದ್ದಳು. "ಮಳೆ ಬೀಳೋ ಹೊತ್ತಿಗೆ ಎದ್ದು ಬರ್ತೀನಿ. ಅಲ್ಲಿಗಂಟ ನನ್ನ ಗೋಣಿ ಹಾಸು" ಎಂದು ಗೋಣಿಯ ಜೊತೆ ಹುಣಸೆಹಣ್ಣು ಕೊಟ್ಟಳು. ಪ್ರತಿ ಸಂತೆಗೂ ನನ್ನ ಗೋಣಿಯ ಪಕ್ಕ ಅವಳದ್ದನ್ನೂ ಹಾಸಿದೆ. ಅಪ್ಪಿತಪ್ಪಿಯೂ ಆ ಹುಣಸೆ ಮಾರಾಟವಾಗಬಾರದೆಂದು ರೇಟು ಎರಡು ಪಟ್ಟು ಹೇಳುತ್ತಿದ್ದೆ. ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು.

ಒಂದು ಸಂತೆಯಲ್ಲಿ ಮಲ್ಲಮ್ಮ ಚರಂಡಿಯ ಕಡೆಯಿಂದ ಎದ್ದು ಬಂದಳು. "ಹುಣಸೆಹಣ್ಣು ಹೆಂಗಮ್ಮ?"

ಎರಡು ಪಟ್ಟು ಹೇಳಿದೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಇನ್ನೂ ಏರಿಸಿ ಹೇಳಲು ಬಾಯಿ ತೆರೆದೆ. ಆದರೆ ಒಮ್ಮೆ ಹೇಳಿದ ರೇಟು ಬದಲಿಸಿದವಳ ಹತ್ತಿರ ಸಂತೆಯಲ್ಲಿ ಮತ್ತೆ ಯಾರೂ ಕೊಳ್ಳುವುದಿಲ್ಲ. ತೂಗಿ ಕೊಟ್ಟೆ. ಅವಳು ಗೋಣಿಯ ಧೂಳು ಕೊಡವಿ, ನೀಟಾಗಿ ಮಡಿಸಿ, ನನ್ನ ಮಡಿಲಲ್ಲಿಟ್ಟು, ಬೋರಕ್ಕನ ಜಾಗದಲ್ಲಿ ಕೂತಳು.

ಅಂದು ಸಂಜೆ ನನ್ನಿವಾಳಕ್ಕೆ ಹೋದೆ. ಮಡಿಸಿದ ಗೋಣಿ ನೋಡಿದ ಕೂಡಲೇ ಬೋರಕ್ಕನಿಗೆ ತಿಳಿಯಿತು. ಬೈಗುಳಕ್ಕೆ ಕಾದು ನಿಂತೆ.

"ಯಾರು, ಮಲ್ಲಿನಾ?"

"ಹೂಂ."

"ಚೌಕಾಸಿ ಮಾಡಿದ್ಲಾ?"

"ಇಲ್ಲ."

"ನಾನೂ ಅವತ್ತು ಮಾಡಿರ್ಲಿಲ್ಲ" ಎಂದಳು. ಸೆರಗಿನಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಸುರಿದು ಮೊರವನ್ನು ದೂರ ತಳ್ಳಿದಳು. ಆಮೇಲೆ ಅವಳು ಬೀಜ ಬಿಡಿಸಲಿಲ್ಲ. ನಾನು ಹೊರಡುವಾಗ ಗೋಡೆಯ ಕಡೆ ಹೊರಳಿದ್ದಳು, ತಿರುಗಿ ನೋಡಲಿಲ್ಲ. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಮೊದಲ ಮಳೆ ಬೀಳುವ ಮುಂಚೆಯೇ ಹೋದಳು, ಅದೂ ಸಂತೆಯ ದಿನ. ನನ್ನಿವಾಳದಿಂದ ಬಂದವರೊಬ್ಬರು ಮಧ್ಯಾಹ್ನಕ್ಕೆ ಮಣ್ಣು ಎಂದು ಹೇಳಿ ಹೋದರು. ಕಣ್ಣು ತುಂಬಿ ಏನೂ ಕಾಣದಾಯಿತು. ಸೆರಗಿನಿಂದ ಒರೆಸಿಕೊಂಡು ಏಳಲು ನೆಲಕ್ಕೆ ಕೈಯೂರಿದೆ. ನನ್ನ ಗೋಣಿಯ ಮೇಲೆ ಒಂದು ಹಿಡಿ ಕರಿಬೇವಿತ್ತು, ಅಷ್ಟೆ.

ಪಕ್ಕದಿಂದ ಮಲ್ಲಮ್ಮ ಮೆತ್ತಗೆ ಹೇಳಿದಳು: "ಹೋಗ್ ಬಾರಮ್ಮ ಲಕ್ಷ್ಮಿ. ಅನ್ನ ಹಾಕಿದ ತಾಯಿ ನಿಂಗೆ. ನಿನ್ನ ಗೋಣಿ ನಾನು ನೋಡ್ಕೊಂತೀನಿ. ಕರಿಬೇವು ಹೆಂಗೆ?"

ನಾನು ಮತ್ತೆ ಕೂತೆ. ಸಂತೆ ಮುಗಿಯುವವರೆಗೂ ಏಳಲಿಲ್ಲ.