ಹೆಸರು ಸವೆದ ಡಬ್ಬಿ

ತೊಳೆದ ಪಾತ್ರೆಗಳನ್ನು ಅಂಗಳದ ಬಿಸಿಲಿಗೆ ಬೋರಲು ಹಾಕಿದಾಗಲೆಲ್ಲ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ: ನಮ್ಮ ಮನೆಯ ಪಾತ್ರೆಗಳೆಲ್ಲ ನಮ್ಮವಲ್ಲ. ದಿನವೂ ನೀರು ಕುಡಿಯುವ ಹಿತ್ತಾಳೆಯ ತಂಬಿಗೆಯ ಕೊರಳಿನಲ್ಲಿ ಮುಡಬಿ ಊರಿನ ಯಾರೋ ಗುರಪ್ಪನವರ ಹೆಸರಿದೆ. ಈ ಮಹನೀಯರನ್ನು ನಾನು ಕಂಡಿಲ್ಲ, ನಮ್ಮ ಮನೆಯವರೂ ಕಂಡಿಲ್ಲ. ಆದರೂ ಅವರ ತಂಬಿಗೆಯ ನೀರು ಕುಡಿದೇ ನಮ್ಮ ಮಕ್ಕಳು ಬೆಳೆದಿದ್ದಾರೆ. ಹಿಟ್ಟು ನಾದುವ ಪರಾತ ಕೊಡಂಬಲ ಊರಿನದು. ಯಾವುದೋ ಲಗ್ನದ ಮನೆಯಲ್ಲಿ, ಉಂಡು ಹೊರಟವರ ಅವಸರದಲ್ಲಿ, ಬಂಡಿಗೆ ಪಾತ್ರೆ-ಭಾಂಡೆ ಏರಿಸುವವರ ಗಡಿಬಿಡಿಯಲ್ಲಿ ಇವು ಗೋತ್ರ ಬದಲಿಸಿ ನಮ್ಮಲ್ಲಿಗೆ ದತ್ತು ಬಂದಂಥವು. ಅದಕ್ಕೆ ಪ್ರತಿಯಾಗಿ ನಮ್ಮ ಮಾವನವರ ಹೆಸರು ಹೊತ್ತ ಸೌಟೂ ಬೋಗುಣಿಯೂ ಯಾವ ಊರಿನ ಯಾವ ಒಲೆಯ ಮುಂದೆ ಸೇವೆ ಸಲ್ಲಿಸುತ್ತಿವೆಯೋ, ಬಲ್ಲವರಿಲ್ಲ. ನಂಬಿಕೆ ಬಾರದಿದ್ದರೆ ನೀವೂ ಎದ್ದು ಹೋಗಿ ನಿಮ್ಮ ತಂಬಿಗೆಯನ್ನು ಒಮ್ಮೆ ತಿರುಗಿಸಿ ನೋಡಿ, ನಾನು ಕಾಯುತ್ತೇನೆ.

ನಮ್ಮ ಹುಮನಾಬಾದಿನಲ್ಲಿ ಹೊಸ ಪಾತ್ರೆ ಮನೆಗೆ ಬಂದರೆ ಮೊದಲು ಹೆಸರು, ಆಮೇಲೆ ಒಲೆ. ಹೆಸರು ಹಾಕುವವನು ಕಟ್ಟೆಯ ಮೇಲೆ ಕುಳಿತು, ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಬಡಿಯುತ್ತಾನೆ. ಹೀಗೆ ನಾಮಕರಣವಾದ ಪಾತ್ರೆಗಳ ನಡುವೆ ಹೆಸರಿಲ್ಲದ ಒಂದು ಹಿತ್ತಾಳೆಯ ಡಬ್ಬಿ ನಮ್ಮಲ್ಲಿತ್ತು. ಇತ್ತು ಎನ್ನುವುದೂ ಪೂರ್ತಿ ನಿಜವಲ್ಲ; ಅದು ವರ್ಷದ ಅರ್ಧ ನಮ್ಮಲ್ಲಿರುತ್ತಿತ್ತು, ಉಳಿದರ್ಧ ಕಲ್ಯಾಣದಲ್ಲಿ, ನನ್ನ ಗೆಳತಿ ಜುಬೇದಾಳ ಮನೆಯಲ್ಲಿ.

ಕಲ್ಯಾಣವೆಂದರೆ ಬಸವಣ್ಣನವರ ಕಲ್ಯಾಣ, ನನ್ನ ತವರು. ಅಲ್ಲಿ ನಮ್ಮ ಮನೆಗೂ ಜುಬೇದಾಳ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಕಲ್ಲು ಸಡಿಲವಾಗಿದ್ದುದರಿಂದ ನಮ್ಮಿಬ್ಬರ ಬಾಲ್ಯವೆಲ್ಲ ಆ ಕಲ್ಲನ್ನು ತೆಗೆದು ಇಡುವುದರಲ್ಲೇ ಕಳೆಯಿತು. ನನ್ನನ್ನು ಹುಮನಾಬಾದಿಗೆ ಕೊಟ್ಟರು, ಅವಳನ್ನು ಕಲ್ಯಾಣದ ಅದೇ ಓಣಿಯ ಅತ್ತರು ವ್ಯಾಪಾರಿಯೊಬ್ಬರ ಮನೆಗೆ ಕೊಟ್ಟರು. ಸಡಿಲವಾದ ಕಲ್ಲಿನ ಕೆಲಸವನ್ನು ಅಂದಿನಿಂದ ಡಬ್ಬಿ ವಹಿಸಿಕೊಂಡಿತು. ಮೊದಲು ಅದನ್ನು ಕಳಿಸಿದವರು ಯಾರು ಎಂಬುದು ಮಾತ್ರ ಇತಿಹಾಸದ ಗರ್ಭದಲ್ಲಿ ಸೇರಿಹೋಗಿದೆ. ನಾನು ಅವಳೆನ್ನುತ್ತೇನೆ, ಅವಳು ನಾನೆನ್ನುತ್ತಾಳೆ. ತುಂಬಿ ಬಂದ ಭಾಂಡೆಯನ್ನು ಖಾಲಿ ಮರಳಿಸಬಾರದೆಂಬುದು ಎರಡೂ ಮನೆಗಳ ಶಾಸ್ತ್ರ. ಉಳಿದ ವಿಷಯಗಳಲ್ಲಿ ನಮ್ಮ ಶಾಸ್ತ್ರಗಳು ಬೇರೆಯಾದರೂ ಈ ಒಂದು ಕಾಯಿದೆಯಲ್ಲಿ ಭೇದವಿರಲಿಲ್ಲ. ಹಾಗಾಗಿ ನಾನು ಶೇಂಗಾ ಉಂಡಿ ತುಂಬಿ ಕಳಿಸಿದರೆ ಅವಳು ಖಜೂರ ತುಂಬಿ ಕಳಿಸಬೇಕು, ಅವಳು ಖಜೂರ ಕಳಿಸಿದ ಮೇಲೆ ನಾನು ಸುಮ್ಮನೆ ಕೂರುವಂತಿಲ್ಲ. ಕಲ್ಯಾಣದ ಬಸ್ಸಿನಲ್ಲಿ ಹೋಗಿಬರುವವರ ಕೈಯಲ್ಲಿ ಡಬ್ಬಿ ಓಡಾಡಿತು. ಪಾಳಿ ಎಂದೂ ಮುಗಿಯಲಿಲ್ಲ.

ನಮ್ಮ ಅತ್ತೆಯವರದು ಬಿಗಿಯಾದ ಮಡಿ. ಜುಬೇದಾಳ ಮನೆಯಲ್ಲಿ ಬೇಯಿಸಿದ್ದು ನಮ್ಮಲ್ಲಿ ನಡೆಯದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಕಳಿಸುತ್ತಿದ್ದುದೆಲ್ಲ ಒಣ ಸಾಮಾನು, ಖಜೂರ, ಚಾರೋಳಿ, ಕೂದಲಿನಷ್ಟು ಸಣ್ಣಗೆ ಹೊಸೆದ ಶ್ಯಾವಿಗೆ. ಅತ್ತೆಯವರು ಡಬ್ಬಿಯನ್ನು ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕಿಸಿ ಶುದ್ಧಮಾಡಿಕೊಳ್ಳುತ್ತಿದ್ದರು. ಖಜೂರಕ್ಕೆ ಮಾತ್ರ ಈ ಸಂಸ್ಕಾರವನ್ನು ಅವರು ವಿಧಿಸಿದ್ದನ್ನು ನಾನು ಕಾಣಲಿಲ್ಲ. ಅತ್ತ ಜುಬೇದಾ ಹೊಳಪಿನ ಹುಚ್ಚಿನವಳು, ಅವಳೂ ತಿಕ್ಕುತ್ತಿದ್ದಳು. ಒಂದು ಮನೆಯಲ್ಲಿ ಮಡಿಗಾಗಿ, ಇನ್ನೊಂದು ಮನೆಯಲ್ಲಿ ಮೆರುಗಿಗಾಗಿ ಉಜ್ಜಿಸಿಕೊಂಡ ಡಬ್ಬಿಯ ಮೇಲೆ ಮೊದಲು ಯಾರದಾದರೂ ಹೆಸರಿದ್ದಿದ್ದರೂ ಅದು ಸವೆದು ನುಣ್ಣಗಾಗಿತ್ತು.

ಆಮೇಲೆ ನಮ್ಮ ಸೀಮೆಗೆ ಕೆಟ್ಟ ದಿನಗಳು ಬಂದವು. ಬಸ್ಸುಗಳು ನಿಂತವು, ಡಬ್ಬಿ ಕಲ್ಯಾಣದಲ್ಲೇ ಉಳಿಯಿತು. ಒಂದು ಮಳೆಗಾಲದ ಕೊನೆಗೆ ನಿಜಾಮರ ಸರ್ಕಾರ ಹೋಗಿ ಹೊಸ ಸರ್ಕಾರ ಬಂತು. ಮೊದಲು ನಮ್ಮ ಕಡೆಯವರು ಹೆದರಿದ್ದರು, ಆಮೇಲೆ ಜುಬೇದಾಳ ಕಡೆಯವರು ಹೆದರಿದರು, ಕಲ್ಯಾಣದ ಓಣಿಗಳಲ್ಲಿ ಬೀಗ ಹಾಕಿದ ಬಾಗಿಲುಗಳು ಹೆಚ್ಚಾದವು. ಆ ಬೀಗಗಳ ಕಥೆ ಇಂಥ ಹಗುರ ಬರಹದ ಹೆಗಲಿಗೆ ಭಾರ. ಬಸ್ಸು ಮತ್ತೆ ಶುರುವಾದ ವಾರವೇ ಡಬ್ಬಿ ಬಂತೆಂಬುದನ್ನಷ್ಟೇ ಹೇಳುತ್ತೇನೆ. ಒಳಗಿನ ಶ್ಯಾವಿಗೆ ಹಳತಾಗಿತ್ತು, ಅತ್ತೆಯವರು ಅದನ್ನೇ ಉಂಡರು.

ಜುಬೇದಾಳ ಗಂಡ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಮಗ ತಾಯಿಯನ್ನು ಇನ್ನು ಒಂಟಿಯಾಗಿ ಬಿಡೆನೆಂದು ಬಂದ. ರೈಲಿನ ಗದ್ದಲ ಅವಳ ಮೊಣಕಾಲಿಗೆ ಆಗದೆಂದು ಹೈದರಾಬಾದಿನಿಂದ ವಿಮಾನದಲ್ಲಿ ಕರೆದೊಯ್ಯುವ ಏರ್ಪಾಟು ಮಾಡಿದ. ಟಾಂಗಾ ಕುಲುಕಿದರೆ ಸಾವು ಬಂತೆಂದು ಕಲಮಾ ಹೇಳುವವಳು ಜುಬೇದಾ! ಕಲ್ಯಾಣದಿಂದ ಹೈದರಾಬಾದಿಗೆ ಹೋಗುವ ಬಸ್ಸು ಹುಮನಾಬಾದಿನಲ್ಲಿ ಚಹಾಕ್ಕೆ ನಿಲ್ಲುತ್ತದೆ. ಪಾಳಿ ನನ್ನದಿತ್ತು. ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿ ತೆಗೆದುಕೊಂಡು ಹೋಗಿ ನಿಂತೆ.

ಬಸ್ಸಿನ ಕಿಟಕಿಯಿಂದ ಅವಳು ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡಳು. "ಅಳಾಕತ್ತೀಯೇನ ಗೌರಾ? ಅಳಬ್ಯಾಡ. ಹವಾಯಿ ಜಹಾಜ ನಿಮ್ಮ ಊರ ಮ್ಯಾಲೇ ಹೋಗ್ತದಂತ, ಮಗ ಹೇಳ್ಯಾನ. ಮ್ಯಾಲಿಂದ ಕೈ ಮಾಡ್ತೇನಿ, ನೀನೂ ಅಂಗಳದಾಗ ನಿಂತು ಮಾಡು."

"ಅದರಾಗ ನೀ ಇದ್ದೀ ಅಂತ ನನಗ ಹ್ಯಾಂಗ ತಿಳೀಬೇಕ?"

"ಡಬ್ಬಿ ಹೊರಗ ಹಿಡದಿರ್ತೇನಿ. ಬಿಸಿಲಿಗೆ ಹೊಳೀತದ, ನೋಡು."

ಮರುದಿನ ನಾನು ಹಪ್ಪಳ ಒಣಹಾಕುವ ನೆಪಮಾಡಿ ಅಂಗಳದಲ್ಲೇ ಇದ್ದೆ. ಮುಗಿಲಲ್ಲಿ ಗುಂಯ್ ಎಂದದ್ದು ಹೌದು. ಗೋದಿ ಕಾಳಿನಷ್ಟು ಬೆಳ್ಳಗಿನದೊಂದು ಪಡುವಣಕ್ಕೆ ಸರಿದದ್ದೂ ಹೌದು. ಸೆರಗು ಹಿಡಿದು ಬೀಸಿಯೇ ಬೀಸಿದೆ. ಪಡಸಾಲೆಯಿಂದ ಅತ್ತೆಯವರು, "ಕಾಗಿ ಓಡ್ಸಾಕತ್ತೀಯೇನ?" ಎಂದರು. ಹೌದೆಂದೆ. ನನ್ನ ಕಣ್ಣಿಗೆ ಏನೋ ಮಿಂಚಿದಂತಾಗಿತ್ತು. ಅದು ಡಬ್ಬಿಯೇ ಎಂದು ಹದಿನೈದು ದಿನ ನಂಬಿದ್ದೆ, ಅಂದರೆ ಅವಳ ಕಾಗದ ಬರುವವರೆಗೆ.

ಅವಳ ಕಾಗದ ಉರ್ದುವಿನಲ್ಲಿರುತ್ತದೆ. ನನಗೆ ಓದಬರುವುದು ಕನ್ನಡ. ಹಾಗಾಗಿ ನನ್ನ ಗೆಳತಿಯ ಅಂತರಂಗವೆಲ್ಲ ನನಗೆ ನಮ್ಮ ಮನೆಯವರ ಬಾಯಿಂದಲೇ ತಿಳಿಯಬೇಕು, ಅವರಾದರೋ ವಕೀಲರ ಗುಮಾಸ್ತರು. "ನೀನಿಲ್ಲದೆ ಇಲ್ಲಿ ಚಹಾ ರುಚಿಸುತ್ತಿಲ್ಲ" ಎಂಬುದನ್ನೂ ಅವರು ಫಿರ್ಯಾದಿಯ ಧಾಟಿಯಲ್ಲೇ ಓದುತ್ತಾರೆ. ಆ ಧಾಟಿಯಲ್ಲಿ ನನಗೆ ತಿಳಿದದ್ದಿಷ್ಟು: ವಿಮಾನದಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಳ್ಳಲು ಬಿಡಲಿಲ್ಲ. ಅದಕ್ಕೊಂದು ಚೀಟಿ ಕಟ್ಟಿ ಜಹಾಜದ ಹೊಟ್ಟೆಗೆ ಹಾಕಿದರು. ಮುಂಬಯಿಯಲ್ಲಿ ಅವಳ ಟ್ರಂಕು ಬಂತು, ಹಾಸಿಗೆಯ ಸುರುಳಿ ಬಂತು. ಡಬ್ಬಿ ಬರಲಿಲ್ಲ. ಮಗ ವಿಮಾನ ಕಂಪನಿಯ ಕಚೇರಿಗೆ ನಡೆದು ನಡೆದು ಬೇಸತ್ತ ಮೇಲೆ, ಹುಡುಕಿದರೂ ಸಿಗದಿದ್ದರೆ ಪರಿಹಾರ ಕೊಡುತ್ತೇವೆ, ಆದರೆ ತೂಕದ ಮೇಲೆ ಕೊಡುತ್ತೇವೆ ಎಂದರಂತೆ.

"ತೂಕದ ಮ್ಯಾಲಂತ," ಎಂದರು ನಮ್ಮ ಮನೆಯವರು, ಕನ್ನಡಕ ಸರಿಪಡಿಸಿಕೊಂಡು. "ಮೊದಲೇ ಗೊತ್ತಿದ್ರ ಬೀಸುಕಲ್ಲು ಕೊಟ್ಟು ಕಳಸಬೇಕಿತ್ತು ನೋಡು ನೀನು."

ಇಲ್ಲಿಯವರೆಗೆ ವಿಷಯ ಸರಳ. ಕಂಪನಿಯವರು ಜುಬೇದಾಳನ್ನು, ಕಳೆದ ಸಾಮಾನು ನಿಮ್ಮ ಸ್ವಂತದ್ದೇ ಎಂದು ಕೇಳಿದರು. ಐದು ಹೊತ್ತು ನಮಾಜು ಮಾಡುವವಳು; ಅಲ್ಲ, ಅದು ಹುಮನಾಬಾದಿನ ನನ್ನ ಗೆಳತಿಯದು ಎಂದು ಬರೆಸಿದಳು. ಆಗ ಕಂಪನಿಯಿಂದ ನನಗೊಂದು ಕಾಗದ ಬಂತು: ಡಬ್ಬಿಯ ಮಾಲೀಕರು ತಾವೇ ಎಂದು ಸಹಿ ಮಾಡಿ ಕಳಿಸಬೇಕು. ನನ್ನದಲ್ಲದ್ದನ್ನು ನನ್ನದೆನ್ನುವುದು ಹೇಗೆ? ಅದು ಜುಬೇದಾ ಬೇಗಂ ಅವರದೇ ಎಂದು ನಮ್ಮ ಮನೆಯವರ ಕೈಯಿಂದಲೇ ಬರೆಸಿದೆ. ಅವರು ಬರೆದರು, ಆದರೆ ಒಂದೊಂದು ಅಕ್ಷರಕ್ಕೂ ಒಂದೊಂದು ನಿಟ್ಟುಸಿರು ಸೇರಿಸಿ ಬರೆದರು. ಕಂಪನಿಯವರು ಆ ಎರಡು ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿರಬೇಕು. ಅವರ ಮುಂದಿನ ಕಾಗದದ ವಿನಯವನ್ನು ನಾನು ಮೆಚ್ಚಿದೆ: ಇಬ್ಬರು ಗೌರವಾನ್ವಿತ ಮಹಿಳೆಯರೂ ತಮ್ಮದಲ್ಲವೆಂದಿರುವುದರಿಂದ, ಯಾರ ವಸ್ತುವೂ ಕಳೆದಿಲ್ಲವೆಂದು ತಿಳಿಯಬೇಕಾಗುತ್ತದೆ.

"ಕಾಯಿದೆ ಪ್ರಕಾರ ಅವರು ಅಂದದ್ದು ಖರೇ ಅದ," ಎಂದರು ಗುಮಾಸ್ತರು. "ನನ್ನದು ಅಂತ ಒಂದು ಸಾಲು ಬರದ್ರ ನಿನ್ನ ಗಂಟೇನು ಹೋಗ್ತದ?"

"ಸುಳ್ಳಾಗ್ತದ್ರಿ."

"ಯವ್ವಾ, ಕೋರ್ಟಿನಾಗ ಒಂದು ಗೇಣು ಜಾಗಾಕ್ಕ ಇಬ್ಬರೂ ನಂದು ನಂದು ಅಂತ ಬಡದಾಡ್ತಾರ. ನಿಂದು ನಿಂದು ಅಂತ ಬಡದಾಡೋ ಖಟ್ಲೆ ನಾ ಇದೇ ಮೊದಲ ನೋಡಾಕತ್ತೇನಿ."

ಅವರಿಗೆ ಸುಳ್ಳಿನ ಕಾರಣ ಹೇಳಿದೆ. ನಿಮಗೆ ಇನ್ನೊಂದನ್ನೂ ಹೇಳುತ್ತೇನೆ. ಪರಿಹಾರದ ಹಣ ಯಾರಿಗೆ ಸೇರಲಿ, ಅಂದಿಗೆ ಡಬ್ಬಿ ಸತ್ತಂತೆ. ಹುಡುಕುವವರು ಹುಡುಕುವುದನ್ನು ಬಿಡುತ್ತಾರೆ. ನಾನು ಕಳಿಸಿದ ಉಂಡಿ ಅವಳಿಗೆ ಮುಟ್ಟಿಲ್ಲ, ಆದ್ದರಿಂದ ಪಾಳಿ ಅವಳದಲ್ಲ. ನಾನು ಕಳಿಸಿಯಾಗಿದೆ, ಆದ್ದರಿಂದ ನನ್ನದೂ ಅಲ್ಲ. ಇಪ್ಪತ್ತೈದು ವರ್ಷ ನಮ್ಮಿಬ್ಬರನ್ನು ನಡೆಸಿಕೊಂಡು ಬಂದ ಆ ಪಾಳಿ ಮುಗಿಲಿನಲ್ಲಿ ಎಲ್ಲೋ ನಿಂತುಬಿಟ್ಟಿತ್ತು. ಅವಳ ಮುಂಬಯಿ ನನ್ನ ಪಾಲಿಗೆ ಬಸ್ಸು ಹೋಗದ ಊರು. ಪಾಳಿಯೇ ಇಲ್ಲದ ಮೇಲೆ ಆ ಊರಿಗೂ ನನಗೂ ಏನು ಸಂಬಂಧ? ಹಬ್ಬಕ್ಕೆ ಉಂಡಿ ಕಟ್ಟುವಾಗ ಕೈ ತಾನಾಗಿ ಒಂದು ಡಬ್ಬಿಯಷ್ಟು ಹೆಚ್ಚು ಕಟ್ಟಿಬಿಡುತ್ತಿತ್ತು. ಹೆಚ್ಚಾದದ್ದನ್ನು ಅತ್ತೆಯವರು ನೋಡುತ್ತಿದ್ದರು, ಬಯ್ಯುತ್ತಿರಲಿಲ್ಲ. ಒಮ್ಮೆ ಮಾತ್ರ, "ಆಕಿ ಈ ಸಲ ಖಜೂರ ಕಳಸ್ಲಿಲ್ಲಲ್ಲ," ಎಂದು ಗೋಡೆಯ ಕಡೆ ನೋಡಿ ಹೇಳಿದರು.

ಕೊನೆಗೆ ಜುಬೇದಾಳ ಮಗನೇ ಬೇಸತ್ತು, ಡಬ್ಬಿಗೆ ಕಟ್ಟಿದ್ದ ಚೀಟಿ ತಮ್ಮ ಟಿಕೇಟಿನದೆಂದು ಸಹಿ ಹಾಕಿ ಹಣ ಪಡೆದ. ಅದು ಹೆಚ್ಚೇನಲ್ಲ. ಜುಬೇದಾ ಅದನ್ನು ಕೈಯಿಂದ ಮುಟ್ಟದೆ ನನಗೆ ಮನಿಯಾರ್ಡರು ಮಾಡಿಸಿದಳು. ಅದರ ಚೂರು ಕಾಗದದಲ್ಲಿ, ಡಬ್ಬಿ ನಿನ್ನದು, ಇದೂ ನಿನ್ನದು ಎಂದಿತ್ತು. ನಮ್ಮ ಮನೆಯವರು ಓದಿ ಮುಗಿಸಿದಾಗ ನನಗೆ ಮೊದಲು ಸಿಟ್ಟು ಬಂತು, ಹಠದಲ್ಲಿ ಕೊನೆಗೂ ಅವಳೇ ಗೆದ್ದಳಲ್ಲ ಎಂದು. ಆಮೇಲೆ ಒಲೆಯ ಮುಂದೆ ಕುಳಿತಾಗ ತಟ್ಟನೆ ಹೊಳೆಯಿತು: ಅವಳ ಕಡೆಯಿಂದ ನನಗೆ ಏನೋ ಬಂದಿದೆ. ಬಂದದ್ದನ್ನು ಖಾಲಿ ಮರಳಿಸುವಂತಿಲ್ಲ. ಪಾಳಿ ನನ್ನದು!

ಅಂದೇ ಸಂತೆಯಲ್ಲಿ ಹಿತ್ತಾಳೆಯ ಒಂದು ಡಬ್ಬಿ ಕೊಂಡೆ. ಹಿತ್ತಾಳೆಯನ್ನೂ ತೂಕದ ಮೇಲೆಯೇ ಮಾರುತ್ತಾರೆ. ತಕ್ಕಡಿಯ ಮುಂದೆ ನಿಂತಾಗ ಕಂಪನಿಯವರ ಮೇಲಿನ ನನ್ನ ಮುನಿಸು ಸ್ವಲ್ಪ ಇಳಿಯಿತು. ಪಾಪ, ತೂಗಲು ಬರುವುದನ್ನಷ್ಟೇ ಅವರೂ ತೂಗಿದ್ದರು. ಮನೆಗೆ ಬಂದು ಹೆಸರು ಹಾಕುವವನನ್ನು ಕರೆಸಿ, "ಗೌರಮ್ಮ, ಹುಮನಾಬಾದ" ಎಂದು ಬಡಿಯಲು ಹೇಳಿದೆ. ಪಾತ್ರೆಯ ಮೇಲೆ ಮನೆಯ ಯಜಮಾನರ ಹೆಸರಿರುವುದು ರೂಢಿ. ನಮ್ಮ ಯಜಮಾನರು ಹೊರಗೆ ಬಂದು ನಿಂತರು.

"ಭಾಂಡೆ ಮ್ಯಾಲ ಹೆಂಗಸರ ಹೆಸರು ಯಾರು ಹಾಕಸ್ತಾರ?"

"ಕಳದ್ರ ಹುಡುಕಾಕ ಹೋಗೋರ ಹೆಸರು ಹಾಕಸಬೇಕ್ರಿ," ಎಂದೆ. ಕಾಯಿದೆ ಬಲ್ಲವರು, ಒಳಗೆ ಹೋದರು.

ಉಂಡಿ ತುಂಬಿದ ಡಬ್ಬಿ ಮುಂಬಯಿಗೆ ಜವಳಿ ತರಲು ಹೋಗುವ ಪರಿಚಯದವರ ಕೈಯಲ್ಲಿ, ವಿಮಾನದ ಉಸಾಬರಿಯಿಲ್ಲದೆ, ಸೊಲ್ಲಾಪುರದ ರೈಲಿನಲ್ಲಿ ಹೋಯಿತು. ಉತ್ತರ ಬಂದಿದೆ. ನಮ್ಮ ಮನೆಯವರು ಅದನ್ನು ಓದುವಾಗ ನಡುವೆ ಒಮ್ಮೆ ಫಿರ್ಯಾದಿಯ ಧಾಟಿ ತಪ್ಪಿತು, ಕೆಮ್ಮಿ ಸರಿಪಡಿಸಿಕೊಂಡರು. ಅವಳು ಹೀಗೆ ಬರೆಸಿದ್ದಳು: ಉಂಡಿ ಮುಟ್ಟಿದವು. ಹೆಸರಿನ ಮೇಲೆ ಬೆರಳಾಡಿಸಿ ನೋಡಿದೆ, ಓದಬಾರದಿದ್ದರೂ ನೀನೇ ಎಂದು ತಿಳಿಯಿತು. ಹೀಗೇಕೆ ಮಾಡಿದೆ ಗೌರಾ? ಹೆಸರಿಲ್ಲದ ಡಬ್ಬಿಯನ್ನು ಯಾರ ಕೈಯಲ್ಲಾದರೂ ಕಳಿಸುತ್ತಿದ್ದೆ. ಹೆಸರಿರುವ ಭಾಂಡೆಯನ್ನು ನಾನೇ ತಂದು ಮುಟ್ಟಿಸಬೇಕಲ್ಲ.

ಮುಂಬಯಿಯಿಂದ ಬರುವವರು ಸೊಲ್ಲಾಪುರದಲ್ಲಿ ಇಳಿದು ಹುಮನಾಬಾದಿನ ಬಸ್ಸು ಹಿಡಿಯಬೇಕು. ಆ ಬಸ್ಸು ಮಧ್ಯಾಹ್ನ, ನಾನು ಪಾತ್ರೆ ತೊಳೆದು ಬಿಸಿಲಿಗೆ ಹಾಕುವ ಹೊತ್ತಿಗೇ ಬರುತ್ತದೆ. ಹಾರನ್ನು ಕೇಳಿದಾಗ ಕೈಯಲ್ಲಿ ಗುರಪ್ಪನವರ ತಂಬಿಗೆಯಿದ್ದರೆ ಅದನ್ನು ಹಿಡಿದುಕೊಂಡೇ ಬಾಗಿಲವರೆಗೆ ಹೋಗಿ ನಿಲ್ಲುತ್ತೇನೆ. ಮೊಣಕಾಲು ನೋಯುವವಳು, ಅಷ್ಟು ದೂರ, ಸುಲಭವಲ್ಲವೆಂದು ನನಗೂ ಗೊತ್ತು. ನಮ್ಮ ಹೆಸರಿನ ಪಾತ್ರೆಗಳು ಪರರ ಮನೆಯಲ್ಲಿವೆಯೆಂದು ಹಿಂದೆ ಮುಖ ಗಂಟಿಕ್ಕುತ್ತಿದ್ದವಳು ನಾನು. ಈಗ ಅವುಗಳಲ್ಲಿ ಒಂದು ಮುಂಬಯಿಯ ಯಾವುದೋ ಅಡುಗೆಮನೆಯಲ್ಲಿ ದಿನವೂ ಹೊಳಪಿಗಾಗಿ ಉಜ್ಜಿಸಿಕೊಳ್ಳುತ್ತಿದೆಯೆಂಬುದು ನೆನಪಾದಾಗ, ನನ್ನ ಹೆಸರು ಪೂರ್ತಿ ಸವೆಯುವುದರೊಳಗೆ ಅವಳು ಬರಲಿ ಎಂದುಕೊಂಡು ತಂಬಿಗೆಯನ್ನು ಮತ್ತೆ ಬೋರಲು ಹಾಕುತ್ತೇನೆ. ಅವಸರವಿಲ್ಲ. ಪಾಳಿ ಅವಳದು.