ಎರಡನೇ ಏಟು

ಸಿಂದಗಿ ಹತ್ತಿರದ ಹೊಲವೊಂದರಲ್ಲಿ ಕೃಷಿ ಕಾಲೇಜಿನ ಡಾ. ಸುನಂದಾ, ತೊಗರಿ ಗಿಡವನ್ನು ಸೊರಗಿಸಿ ಒಣಗಿಸುವ ನೆಟೆರೋಗದ ಮೇಲೆ ಪ್ರಯೋಗ ನಡೆಸುತ್ತಿದ್ದ ಕಾಲ ಅದು. ಬಸಂತರಾಯ ಎಂಬ ಕೂಲಿಯಾಳು ಅವರ ಕಣ್ಣೆದುರೇ ಸತ್ತ. ಕೀಟನಾಶಕದ ಖಾಲಿ ಡಬ್ಬಿ ತೊಳೆದು ಅದರಲ್ಲೇ ನೀರು ಕುಡಿದಿದ್ದ. ಬಾಯಲ್ಲಿ ನೊರೆ ಬಂತು, ಕೈಕಾಲು ಸೆಟೆದವು, ಜೀಪು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಅವನ ಹೆಂಡತಿ ಕಸ್ತೂರೆವ್ವ ಆ ಡಬ್ಬಿಯನ್ನೇ ಎತ್ತಿ ಸುನಂದಾರ ಮುಖಕ್ಕೆ ಎಸೆದಳು.

"ಇದರ ಮ್ಯಾಲ ಇಷ್ಟೆಲ್ಲಾ ಬರದೀರಿ. ಓದಾಕ ಯಾರ ಕಲಿಸ್ಯಾರ ಅವಗ?"

ಹುಬ್ಬು ಸೀಳಿ ರಕ್ತ ಇಳಿಯಿತು. ಸುನಂದಾ ಒರೆಸಿಕೊಳ್ಳಲೂ ಇಲ್ಲ.

ಆ ವರ್ಷವೇ ಅವರು ಸಂಶೋಧನೆಯನ್ನು ವಯಸ್ಕರ ಶಿಕ್ಷಣದ ಕಡೆ ತಿರುಗಿಸಿದರು. ಕಾಲೇಜಿನ ಸಹೋದ್ಯೋಗಿಗಳು ನಕ್ಕರು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಪಾಠ ಶುರುವಾಯಿತು. ಲೆಕ್ಕಕ್ಕೆ ತಕ್ಕಡಿ, ಕಲ್ಲು. ಓದಿಗೆ ಅವರವರ ಮನೆಯ ಕಾಗದ. ಸಾತವ್ವ ಎಂಬ ಕುರಿಗಾರರ ಮನೆಯ ವಿಧವೆ ಒಮ್ಮೆ ಹೊಲ ಯಾರ ಹೆಸರಿಗಿದೆ ಎಂದು ತೋರಿಸುವ ಉತಾರ ತಂದಳು. ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದವಳು ತಟ್ಟನೆ ನಿಂತಳು.

"ಅಕ್ಕೋರ, ಇದರಾಗ ನನ್ನ ಗಂಡನ ಹೆಸರ ಇಲ್ಲರಿ. ಬರೇ ಮಾನಪ್ಪಂದ ಐತಿ."

ಮಾನಪ್ಪ ಅವಳ ಮೈದುನ. ಸೊಸೈಟಿ ಕೆಲಸವೆಂದು ಸುಳ್ಳು ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಸಾತವ್ವ ತಾನೇ ಕೂತು ತಹಶೀಲ್ದಾರರಿಗೆ ತಕರಾರು ಅರ್ಜಿ ಬರೆದಳು. ಮುಂದಿನ ಭಾನುವಾರ ಮಾನಪ್ಪ ಕೊಡಲಿ ಹಿಡಿದು ಬಂದ.

"ಓದಿ ಹೊಲಾ ಕಸಗೊಂತೀಯೇನ ರಂಡೆ!"

ಕೊಡಲಿಯ ಹಿಂಬದಿ ಸಾತವ್ವನ ಭುಜ ಮುರಿಯಿತು. ಹೆಂಗಸರು ಚೀರುತ್ತ ಬಾಗಿಲಿಗೆ ಮುಗಿಬಿದ್ದರು. ಅಡ್ಡ ಬಂದ ಸುನಂದಾರ ಬಲಗೈ ಮೇಲೆ ಮುಂದಿನ ಪೆಟ್ಟು ಬಿತ್ತು. ಮೂರು ಬೆರಳು ಗೋಡೆಗೆ ಸಿಕ್ಕಿ ಜಜ್ಜಿಹೋದವು. ಅವನು ಅಲಗು ತಿರುಗಿಸಿ ಮತ್ತೆ ಎತ್ತಿದ. ಸುನಂದಾರ ಎಡಗೈಗೆ ತಕ್ಕಡಿಯ ಎರಡು ಕಿಲೋ ಕಲ್ಲು ಸಿಕ್ಕಿತು. ಬೀಸಿ ಹೊಡೆದರು. ಅವನ ಕಣ್ಣು ಒಡೆಯಿತು. ಕೊಡಲಿ ಕೈಬಿಟ್ಟು ಅವನು ಮೊಣಕಾಲೂರಿ ಕುಸಿದ. ಸುನಂದಾ ಇನ್ನೊಮ್ಮೆ ಹೊಡೆದರು. ದವಡೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮೂರನೆಯದಕ್ಕೆ ಕೈ ಎತ್ತಿದಾಗ ಸಾತವ್ವ ಒಂದೇ ಕೈಯಲ್ಲಿ ಅವರನ್ನು ತಬ್ಬಿ ಹಿಡಿದಳು.

"ಬಿಡ್ರಿ ಅಕ್ಕೋರ, ಸಾಯ್ತಾನ!"

ಕೇಸು ಇಬ್ಬರ ಮೇಲೂ ಬಿತ್ತು. ಸುನಂದಾರ ವಕೀಲ ಶ್ರೀಶೈಲ ಕೋರ್ಟಿನ ಹೊರಗೆ ಹೇಳಿಕೊಟ್ಟರು. "ಎರಡನೇ ಏಟಿನ ಸುದ್ದಿ ಯಾರೂ ಕೇಳೂದಿಲ್ಲರಿ. ನೀವಾಗೇ ಎತ್ತಬ್ಯಾಡ್ರಿ."

ಸುನಂದಾ ಕಟಕಟೆಯಲ್ಲಿ ನಿಂತು ಅದನ್ನೇ ಮೊದಲು ಹೇಳಿದರು. ಮಾನಪ್ಪನಿಗೆ ನಾಲ್ಕು ವರ್ಷ ಜೈಲಾಯಿತು. ಸುನಂದಾರನ್ನೂ ತಪ್ಪಿತಸ್ಥೆ ಎಂದ ನ್ಯಾಯಾಲಯ ಶಿಕ್ಷೆಯನ್ನು ದಂಡಕ್ಕೆ ನಿಲ್ಲಿಸಿತು. ಅವರ ಬಡ್ತಿ ತಪ್ಪಿತು. ಸಾತವ್ವನಿಗೆ ಅವಳ ಪಾಲಿನ ಎರಡು ಎಕರೆ ಸಿಕ್ಕಿತು.

ಡೊಂಕಾದ ಬೆರಳಿಗೆ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು: ತರಗತಿಯಲ್ಲಿ ಯಾರಾದರೂ ಗಕ್ಕನೆ ಎದ್ದರೆ ಸುನಂದಾರ ಎಡಗೈ ತಾನಾಗಿಯೇ ಮುಷ್ಟಿಯಾಗುತ್ತಿತ್ತು. ಆದ್ದರಿಂದ ಪಾಠಗಳನ್ನು ಮನೆಯಲ್ಲಿ ಕೂತು ತಮ್ಮ ದನಿಯಲ್ಲಿ ಮುದ್ರಿಸಿದರು. ಔಷಧಿ ಡಬ್ಬಿ, ಉತಾರ, ಬಸ್ಸಿನ ಬೋರ್ಡು ಓದುವುದು ಹೇಗೆಂದು ಮೊಬೈಲಿನಲ್ಲಿ ಈ ಸೀಮೆಯ ಮಾತಿನಲ್ಲೇ ಕೇಳಬಹುದಿತ್ತು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಗೂ ಅದು ಹಬ್ಬಿತು. ಕಲಿಕಾ ತಂತ್ರಜ್ಞಾನದ ತಜ್ಞೆ ಎಂದು ದೂರದೂರಿನ ಸಮ್ಮೇಳನಗಳಿಗೆ ಕರೆ ಬರತೊಡಗಿತು. ಈ ಯೋಚನೆ ಹೇಗೆ ಹೊಳೆಯಿತೆಂದು ಒಬ್ಬರು ಕೇಳಿದಾಗ, "ನನ್ನ ಕೈಗೆ ನಾನೇ ಹೆದರಿದ್ನಿ," ಎಂದರು. ಸಭೆ ನಕ್ಕಿತು.

ಹೋದ ವರ್ಷ ನಿಡಗುಂದಿ ಬಸ್ ನಿಲ್ದಾಣದಲ್ಲಿ ಮಾನಪ್ಪ ಎದುರಾದ. ಒಂದು ಕಣ್ಣು ಬತ್ತಿತ್ತು, ದವಡೆ ವಾರೆಯಾಗಿತ್ತು. ಸುನಂದಾ ಹಿಂದೆ ಸರಿದರು. ಅವನು ದೂರದಲ್ಲೇ ನಿಂತ.

"ಅಕ್ಕೋರ, ಕೊಡಲಿ ಬಿದ್ದಿತ್ತಲ್ಲರಿ. ಎರಡನೇದ್ದು ಯಾಕ ಹೊಡದ್ರಿ?"

"ಸಿಟ್ಟ ಬಂದಿತ್ತು. ಕೊಲ್ಲಬೇಕನಿಸಿತ್ತು."

ಅವನು ತಲೆಯಾಡಿಸಿದ. "ನನಗೂ ಹಂಗಽ ಅನಿಸಿತ್ತರಿ."

ದೇವರ ಹಿಪ್ಪರಗಿಯ ಬಸ್ಸು ಬಂತು, ಅವನು ಹತ್ತಿ ಹೋದ. ಸುನಂದಾರ ಬಸ್ಸೂ ಬಂದು ಹೋಯಿತು. ಅವರು ಕಲ್ಲು ಬೆಂಚಿನ ಮೇಲೆ, ಎರಡೂ ಕೈಗಳನ್ನು ಮಡಿಲಲ್ಲಿ ಅವುಚಿಕೊಂಡು ಕೂತೇ ಇದ್ದರು.